ಹಯಲಿಯಾದ ಕ್ಯೂಬನ್ ಹೋಟೆಲೂ ನಮ್ಮ ಊಟವೂ

ಅಮೆರಿಕದಲ್ಲಿ ಕನ್ನಡಿಗರು ನಡೆಸುವ ಹೋಟೆಲುಗಳಲ್ಲಿ ಕನ್ನಡ ಯಾಕೆ ಅಡುಗೆಮನೆಯ ಒಳಗೇ ಉಳಿದುಬಿಡುತ್ತದೆ? ಈ ಪ್ರಶ್ನೆ ನನ್ನನ್ನು ತುಂಬಾ ಸಮಯದಿಂದ ಕಾಡುತ್ತಿತ್ತು. ಈ ಸಲ ಮಕ್ಕಳ ರಜೆಗೆ ಮಯಾಮಿಗೆ ಹೋದಾಗ, ಒಂದು ಕ್ಯೂಬನ್ ಕುಟುಂಬದ ಹೋಟೆಲಿನಲ್ಲಿ ಊಟ ಮಾಡಿದ ಮೇಲೆ, ಉತ್ತರದ ಒಂದು ತುದಿ ಸಿಕ್ಕಿತು ಅನಿಸುತ್ತದೆ.

ಪ್ರವಾಸಕ್ಕೆ ಬಂದವರು ಹೆಚ್ಚಾಗಿ ಹೋಗುವುದು ಲಿಟಲ್ ಹವಾನಾ ಎಂಬ ಕ್ಯೂಬನ್ನರ ಬಡಾವಣೆಗೆ. ಕಾಯೆ ಓಚೊ ಎಂದು ಕರೆಯುವ ಎಂಟನೇ ಬೀದಿ, ಹಿರಿಯರು ಡಾಮಿನೊ ಆಡುವ ಪಾರ್ಕು, ಚುಟ್ಟದ ಅಂಗಡಿಗಳು, ಎಲ್ಲ ಅಲ್ಲಿವೆ. ನಾವೂ ನೋಡಿದೆವು. ಆದರೆ ನಾವು ಉಳಿದುಕೊಂಡಿದ್ದು ವಿಮಾನ ನಿಲ್ದಾಣದ ಆಚೆ, ಹಯಲಿಯಾದ ಕಡೆ. ಕ್ಯೂಬಾದಿಂದ ಬಂದವರೇ ಜಾಸ್ತಿ ಇರುವ ಊರು ಅದು. ಔಷಧಿ ಅಂಗಡಿಯಲ್ಲೂ ಬ್ಯಾಂಕಿನಲ್ಲೂ ಮೊದಲ ಮಾತು ಸ್ಪ್ಯಾನಿಶ್. ನಾವು ಹೋದ ಹೋಟೆಲ್ ಬಟ್ಟೆ ಒಗೆಯುವ ಅಂಗಡಿಗೂ ಟೈರ್ ಅಂಗಡಿಗೂ ನಡುವೆ ಇತ್ತು. ಅಜ್ಜಿ ಅಡುಗೆಮನೆಯ ಯಜಮಾನಿ. ಮಗಳು ಬಡಿಸುತ್ತಾರೆ. ಕಾಲೇಜಿಗೆ ಹೋಗುವ ಮೊಮ್ಮಗ ಗಲ್ಲಾದಲ್ಲಿ ಕೂತಿದ್ದ.

ಬೋರ್ಡು ಪೂರ್ತಿ ಸ್ಪ್ಯಾನಿಶ್‌ನಲ್ಲಿತ್ತು. ಮಗಳು ನಮ್ಮನ್ನು ಮಾತಾಡಿಸಿದ್ದೂ ಸ್ಪ್ಯಾನಿಶ್‌ನಲ್ಲೇ. ನಮಗೆ ಬರುವುದಿಲ್ಲ ಅಂತ ಗೊತ್ತಾದ ಮೇಲೆ ನಗುತ್ತಾ ಇಂಗ್ಲಿಷಿಗೆ ಬಂದರು. ಅದರಲ್ಲಿ ಸ್ವಲ್ಪವೂ ಬಿಂಕ ಇರಲಿಲ್ಲ. ಇದು ನಮ್ಮ ಮನೆ, ಇಲ್ಲಿ ನಮ್ಮ ಮಾತು ಮೊದಲು, ನೀವು ಬಂದದ್ದು ಸಂತೋಷ, ಅಷ್ಟೇ.

ನನ್ನ ಹೆಂಡತಿ ಸಸ್ಯಾಹಾರಿ. ಕ್ಯೂಬನ್ ಊಟದಲ್ಲಿ ಇದು ಸುಲಭ ಅಲ್ಲ, ಹೋಗುವವರಿಗೆ ಗೊತ್ತಿರಲಿ. ಬೀನ್ಸ್ ಅಂದರೆ ಬರೀ ಕಾಳು ಅಂದುಕೊಳ್ಳುವ ಹಾಗಿಲ್ಲ. ಎಷ್ಟೋ ಕಡೆ ಅದಕ್ಕೆ ಹಂದಿ ಮಾಂಸದ ತುಂಡು ಹಾಕುತ್ತಾರೆ. ಕೇಳಿದ್ದಕ್ಕೆ ಅಜ್ಜಿಯ ಮಗಳು "ಸ್ವಲ್ಪ ಇರಿ" ಅಂದು ಅಡುಗೆಮನೆಗೆ ಹೋದರು. ಅಜ್ಜಿಯೇ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಕೆಂಪು ಬೀನ್ಸಿನಲ್ಲಿ ಹಂದಿ ಇದೆ, ಬೇಡ. ಅನ್ನ ಮತ್ತು ಕಪ್ಪು ಬೀನ್ಸ್ ಒಟ್ಟಿಗೆ ಬೇಯಿಸಿದ ಮೋರೋಸ್‌ನಲ್ಲೂ ಇದೆ, ಅದೂ ಬೇಡ. ಬರೀ ಕಪ್ಪು ಬೀನ್ಸಿನ ಸಾರಿನಲ್ಲಿ ಇಲ್ಲ, ಅದನ್ನು ಬಿಳಿ ಅನ್ನದ ಜೊತೆ ತಗೊಳ್ಳಿ. ಮಗಳು ಒಂದೊಂದಾಗಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ಅಡುಗೆ ಮಾಡಿದವರೇ ಬಂದು ಹೀಗೆ ಹೇಳಿದರೆ ಆ ಊಟವನ್ನು ಧೈರ್ಯವಾಗಿ ಉಣ್ಣಬಹುದು. ದೊಡ್ಡ ಹೋಟೆಲುಗಳಲ್ಲಿ "ಏನೂ ತೊಂದರೆ ಇಲ್ಲ" ಎಂಬ ಉತ್ತರ ಎಷ್ಟು ಬೇಗ ಬರುತ್ತದೆಯೋ ಅಷ್ಟೇ ಅನುಮಾನವೂ ಬರುತ್ತದೆ, ಅಲ್ವಾ?

ಊಟ ಬಂದಾಗ ನನಗೆ ಆಶ್ಚರ್ಯ ಆಯಿತು. ತಟ್ಟೆಯಲ್ಲಿ ಇದ್ದದ್ದೆಲ್ಲ ನಮ್ಮ ತೋಟದ್ದೇ. ಬೇಯಿಸಿದ ಮರಗೆಣಸು, ಅದರ ಮೇಲೆ ಬೆಳ್ಳುಳ್ಳಿ, ಹುಳಿ ಕಿತ್ತಳೆ ರಸ ಮತ್ತು ಎಣ್ಣೆ ಸೇರಿಸಿದ ಮೋಹೊ. ಬಾಳೆಕಾಯಿಯನ್ನು ಒಮ್ಮೆ ಕರಿದು, ಒತ್ತಿ ಚಪ್ಪಟೆ ಮಾಡಿ, ಮತ್ತೆ ಕರಿದ ತೊಸ್ತೋನೆಸ್. ಪೂರ್ತಿ ಹಣ್ಣಾದ ಬಾಳೆಯನ್ನು ಕರಿದರೆ ಅದು ಮದೂರೊಸ್, ಸಿಹಿ. ನಾನು ತಗೊಂಡ ಕೋಳಿ ಅನ್ನದಲ್ಲಿ ಹಳದಿ ಬಣ್ಣ ಇತ್ತು, ಅದು ಅರಿಶಿನದ್ದಲ್ಲ, ರಂಗಮಾಲೆ ಬೀಜದ್ದು. ಬೀನ್ಸಿಗೆ ಈರುಳ್ಳಿ, ಬೆಳ್ಳುಳ್ಳಿ, ದೊಣ್ಣೆ ಮೆಣಸಿನಕಾಯಿ, ಜೀರಿಗೆ, ಓರೆಗಾನೊ ಹಾಕಿ ಹುರಿದ ಒಗ್ಗರಣೆ. ಅದಕ್ಕೆ ಸೊಫ್ರಿತೊ ಅನ್ನುತ್ತಾರೆ. ಖಾರ ಮಾತ್ರ ಇಲ್ಲವೇ ಇಲ್ಲ. ನಮ್ಮ ನಾಲಿಗೆಗೆ ಮೊದಲು ಸಪ್ಪೆ ಅನಿಸುತ್ತದೆ. ಎರಡನೇ ತುತ್ತಿಗೆ ಜೀರಿಗೆ, ಬೆಳ್ಳುಳ್ಳಿ, ಹುಳಿ ಬೇರೆ ಬೇರೆಯಾಗಿ ಗೊತ್ತಾಗುತ್ತವೆ. ನಮ್ಮ ಕಡೆ ಖಾರ ಎಷ್ಟೋ ಸಲ ಇವನ್ನೆಲ್ಲ ಮುಚ್ಚಿಬಿಡುತ್ತದೆ ಅಂತ ನನಗೆ ಅವತ್ತು ಅನಿಸಿತು.

ಕಾಫಿಯ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಹೋಟೆಲಿನ ಬದಿಯಲ್ಲಿ ರಸ್ತೆಗೆ ತೆರೆದ ಒಂದು ಕಿಟಕಿ ಇತ್ತು. ಮಯಾಮಿಯಲ್ಲಿ ಇಂಥ ಕಿಟಕಿಗಳು ತುಂಬಾ. ವೆಂತಾನೀತ ಅನ್ನುತ್ತಾರೆ. ನಮ್ಮ ದರ್ಶಿನಿಯಲ್ಲಿ ನಿಂತ ಹಾಗೆ ಜನ ನಿಂತುಕೊಂಡೇ ಕುಡಿಯುತ್ತಾರೆ, ಜಗಳ ಮಾಡುತ್ತಾರೆ, ರಾಜಕೀಯ ಮಾತಾಡುತ್ತಾರೆ. ಮನೆಯಲ್ಲಿ ಮಾಡುವಾಗ ಪಾತ್ರೆಯಲ್ಲಿ ಇಳಿಯುವ ಮೊದಲ ಕೆಲವು ಹನಿ ಡಿಕಾಕ್ಷನ್ ತೆಗೆದು ಸಕ್ಕರೆಗೆ ಹಾಕಿ ಬಿಳಿಚುವ ತನಕ ಕಲಸುತ್ತಾರೆ. ಉಳಿದ ಕಾಫಿಯನ್ನು ಅದರ ಮೇಲೆ ಹುಯ್ದರೆ ನೊರೆ ಏಳುತ್ತದೆ. ಮೊದಲ ಡಿಕಾಕ್ಷನ್ನಿನ ಬೆಲೆ ಗೊತ್ತಿರುವ ಇನ್ನೊಂದು ಜನ ಸಿಕ್ಕಿದರು ಅಂತ ನನಗೆ ಖುಷಿ.

ಅಲ್ಲಿ ಕೊಲಾದ ಅಂತ ಒಂದು ಕೇಳಬಹುದು. ಒಂದು ಲೋಟದ ತುಂಬ ಗಟ್ಟಿ ಸಿಹಿ ಕಾಫಿ, ಜೊತೆಗೆ ಹೆಬ್ಬೆರಳಿನಷ್ಟು ಚಿಕ್ಕ ಖಾಲಿ ಕಪ್ಪುಗಳು. ಅದು ಒಬ್ಬರೇ ಕುಡಿಯುವುದಕ್ಕಲ್ಲ. ಬೆಂಗಳೂರಿನಲ್ಲಿ ಬೈ-ಟು ಕಾಫಿ ಕುಡಿದು ಬೆಳೆದ ನನಗೆ ಇದು ತಕ್ಷಣ ಅರ್ಥವಾಯಿತು. ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಯಾರ ಜೊತೆ ಕುಡಿಯುತ್ತೇವೆ ಅಂತ ಮೊದಲೇ ಗೊತ್ತಿರುತ್ತದೆ. ಅಲ್ಲಿ ಒಬ್ಬರು ಕೊಲಾದ ತಗೊಂಡು ಕೆಲಸದ ಜಾಗಕ್ಕೆ ಹೋಗಿ, ಎದುರಿಗೆ ಸಿಕ್ಕವರಿಗೆಲ್ಲ ಹುಯ್ದು ಕೊಡುತ್ತಾರೆ. ನನ್ನ ಪಕ್ಕದಲ್ಲಿ ನಿಂತಿದ್ದ ಟೈರ್ ಅಂಗಡಿಯವರು ಕೇಳದೆಯೇ ನನಗೂ ಒಂದು ಕಪ್ಪು ಕೊಟ್ಟರು.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಇವರಿಗೆ ಇದೆಲ್ಲ ಹೇಗೆ ಸಾಧ್ಯವಾಯಿತು? ಫಿಡೆಲ್ ಕ್ಯಾಸ್ಟ್ರೊ ಅಧಿಕಾರಕ್ಕೆ ಬಂದ 1959ರ ಕ್ರಾಂತಿಯ ನಂತರ ಕ್ಯೂಬಾ ಬಿಟ್ಟು ಬಂದ ಮೊದಲಿನವರು ಕೆಲವು ತಿಂಗಳಲ್ಲಿ ವಾಪಸ್ ಹೋಗುತ್ತೇವೆ ಅಂದುಕೊಂಡಿದ್ದರು. ಹೋಗಲು ಆಗಲಿಲ್ಲ. 1965ರಿಂದ 1973ರವರೆಗೆ ಕ್ಯೂಬಾದ ವರದೇರೊದಿಂದ ಮಯಾಮಿಗೆ ವಲಸೆ ಬರುವವರನ್ನು ಹೊತ್ತ ವಿಮಾನಗಳು ಬಂದವು. ನಾನು ಹೇಳಿದ ಅಜ್ಜಿ ಬಂದದ್ದೂ ಅದರಲ್ಲೇ. ಅಷ್ಟರಲ್ಲಿ, 1968ರಲ್ಲಿ, ಕ್ಯೂಬಾದ ಸರ್ಕಾರ ಬೀದಿಬದಿಯ ಚಿಕ್ಕ ಅಂಗಡಿ, ತಿಂಡಿ ಹೋಟೆಲುಗಳನ್ನೂ ವಶಕ್ಕೆ ತಗೊಂಡಿತು. ಅಲ್ಲಿ ಮನೆಯಲ್ಲಿ ಊಟದ ಹೋಟೆಲ್ ನಡೆಸಲು ಅನುಮತಿ ಸಿಕ್ಕಿದ್ದು 1990ರ ದಶಕದಲ್ಲಿ, ಅದೂ 12 ಕುರ್ಚಿ ಮಾತ್ರ ಇಡಬಹುದು ಎಂಬ ಷರತ್ತಿನ ಮೇಲೆ. 1980ರಲ್ಲಿ ಕ್ಯೂಬಾದ ಮರಿಯೆಲ್ ಬಂದರಿನಿಂದ ದೋಣಿಗಳಲ್ಲಿ ಸುಮಾರು 1,25,000 ಜನ ಬಂದರು. ಇವರಲ್ಲಿ ಹೆಚ್ಚಿನವರಿಗೆ ಊರಿಗೆ ಹೋಗಿ ಅಮ್ಮನ ಕೈಯಡುಗೆ ಉಂಡು ಬರುವ ಸುಲಭದ ದಾರಿ ಇರಲಿಲ್ಲ. ಹಾಗಾಗಿ ಆ ಊಟ, ಆ ಮಾತು, ಆ ಕಾಫಿ ಕಿಟಕಿ ಎಲ್ಲವನ್ನೂ ಇಲ್ಲೇ ಕಟ್ಟಿಕೊಂಡರು. ಮಕ್ಕಳಿಗೆ ತೋರಿಸಲು ಬೇರೆ ಜಾಗ ಇರಲಿಲ್ಲ.

ನಮ್ಮ ಸ್ಥಿತಿ ಬೇರೆ. ನಮಗೆ ಬಾಗಿಲು ತೆರೆದೇ ಇದೆ. ಡಿಸೆಂಬರಿನಲ್ಲಿ ಟಿಕೆಟ್ ತಗೊಂಡರೆ ಮರುದಿನ ಬೆಂಗಳೂರು. ಇದು ನಮ್ಮ ಪುಣ್ಯ, ಅದರಲ್ಲಿ ಅನುಮಾನ ಇಲ್ಲ. ಆದರೆ ಇದರಿಂದ ಒಂದು ಅಭ್ಯಾಸ ಬೆಳೆದಿದೆ. ಅಕ್ಕಿ ರೊಟ್ಟಿ ಊರಿಗೆ ಹೋದಾಗ ತಿಂದರಾಯಿತು. ಮಕ್ಕಳು ಕನ್ನಡ ಅಜ್ಜಿಮನೆಯಲ್ಲಿ ಮಾತಾಡಿದರಾಯಿತು. ಇಲ್ಲಿ ಸದ್ಯಕ್ಕೆ ದೋಸೆ, ಇಡ್ಲಿ, ಪನ್ನೀರು ಸಾಕು. ನಮ್ಮವರ ಹೋಟೆಲುಗಳ ಹೆಸರಿನಲ್ಲಿ ಉಡುಪಿ ಇರುತ್ತದೆ, ಬೋರ್ಡಿನ ಮೇಲೆ ಒಂದು ಕನ್ನಡ ಅಕ್ಷರ ಇರುವುದಿಲ್ಲ. ಉಪ್ಸಾರು, ಮುದ್ದೆ, ಹುರುಳಿ ಸಾರು, ಪತ್ರೊಡೆ ಪಟ್ಟಿಯಲ್ಲಿ ಇರುವುದಿಲ್ಲ. ಅಡುಗೆಯವರು ತಮಗಾಗಿ ಹಿಂದೆ ಮಾಡಿಕೊಳ್ಳುವ ಸಾರಿನ ವಾಸನೆ ಮಾತ್ರ ನಮ್ಮ ತನಕ ಬರುತ್ತದೆ. ನಾವು ಗಿರಾಕಿಗಳೂ ಕನ್ನಡಿಗ ಮಾಲೀಕರ ಜೊತೆ ಇಂಗ್ಲಿಷಿನಲ್ಲಿ ಆರ್ಡರ್ ಕೊಟ್ಟು, ಬಿಲ್ ಕಟ್ಟುವಾಗ "ನೀವು ಯಾವ ಕಡೆಯವರು?" ಅಂತ ಕೇಳುತ್ತೇವೆ. ನನಗೆ ಇದು ಬೇಸರದ ವಿಷಯ.

ಹಿಂದಿನವರು ಹೀಗಿರಲಿಲ್ಲ. ಮುಂಬಯಿಗೆ ಹೋದ ಕರಾವಳಿಯವರು ಹೋಟೆಲಿನ ಜೊತೆಗೆ ಕನ್ನಡ ರಾತ್ರಿ ಶಾಲೆಗಳನ್ನೂ ನಡೆಸಿದರು. ಹಗಲು ಮೇಜು ಒರೆಸಿದ ಹುಡುಗರು ರಾತ್ರಿ ಅಲ್ಲಿ ಓದಿದರು. ಮಾಟುಂಗಾದ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆ ಎಲೆಯ ಮೇಲೆ ಊಟ ಹಾಕುವ ಪದ್ಧತಿ ಇನ್ನೂ ಇದೆ. ಅವರಿಗೂ ಊರಿನ ಬಾಗಿಲು ತೆರೆದೇ ಇತ್ತು. ಆದರೂ ಹೋದ ಜಾಗದಲ್ಲಿ ತಮ್ಮದನ್ನು ಕಟ್ಟಿದರು. ಅಂದರೆ ಇದಕ್ಕೆ ದೇಶ ಬಿಟ್ಟು ಓಡಿಬರುವ ಕಷ್ಟವೇ ಬೇಕು ಅಂತ ಇಲ್ಲ.

ನಮಗೆ ಊರು ಕರ್ನಾಟಕ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಊರು ನಾರ್ತ್ ಕ್ಯಾರೊಲೈನಾ. ವರ್ಷದಲ್ಲಿ ಮೂರು ವಾರ ತಿಂದ ಊಟ, ಆಡಿದ ಮಾತು ಅವರದ್ದಾಗುವುದು ಕಷ್ಟ. ಹಯಲಿಯಾದ ಆ ಮೊಮ್ಮಗ ಕ್ಯೂಬಾ ನೋಡಿಯೇ ಇಲ್ಲವಂತೆ. ನಮ್ಮ ಜೊತೆ ಅಪ್ಪಟ ಅಮೆರಿಕನ್ ಇಂಗ್ಲಿಷ್, ಅಜ್ಜಿಯ ಜೊತೆ ಗಲಗಲ ಸ್ಪ್ಯಾನಿಶ್. ಅವನಿಗೆ ಅದು ಭಾನುವಾರದ ತರಗತಿಯಲ್ಲಿ ಕಲಿತದ್ದಲ್ಲ. ಆ ಗಲ್ಲಾದಲ್ಲಿ, ಗಿರಾಕಿಗಳ ಜೊತೆ, ದಿನಾ ಆಡಿ ಬಂದದ್ದು.

ಪ್ರವಾಸದಿಂದ ಬಂದ ಮೇಲೆ ನಮ್ಮೂರಿನ ಹೋಟೆಲಿನ ಮಾಲೀಕರ ಹತ್ತಿರ ಮಾತಾಡಿದೆ. ಕುಂದಾಪುರದ ಕಡೆಯವರು, ಒಳ್ಳೆಯವರು. "ಮಾಡಬಹುದು ಸಾರ್, ತಿನ್ನುವವರು ಬೇಕಲ್ಲ" ಅಂದರು. ನ್ಯಾಯವಾದ ಮಾತು. ಈಗ ನಾವು ನಾಲ್ಕು ಮನೆಯವರು ಸೇರಿ ಪ್ರತಿ ಗುರುವಾರ ರಾತ್ರಿ ಅಲ್ಲೇ ಊಟ ಮಾಡುತ್ತೇವೆ ಅಂತ ಒಪ್ಪಿಕೊಂಡಿದ್ದೇವೆ. ಅವರು ಒಂದು ವಾರ ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಇನ್ನೊಂದು ವಾರ ಮುದ್ದೆ, ಬಸ್ಸಾರು ಮಾಡುತ್ತಾರೆ. ಪಟ್ಟಿಯನ್ನು ಕನ್ನಡದಲ್ಲಿ ಬರೆದು ಬಾಗಿಲ ಹತ್ತಿರ ಹಾಕುವ ಕೆಲಸ ಮಕ್ಕಳದ್ದು.