ಆಧಾರ: ಎಲ್ಲರಿಗೂ ಗೊತ್ತು

ಚಿಕ್ಕಬಳ್ಳಾಪುರದ ಶಾಲೆಯೊಂದರಲ್ಲಿ ಉತ್ತರಪತ್ರಿಕೆ ತಿದ್ದಲು ಜನ ಸಾಲದೆಂದು ನನ್ನನ್ನೂ ಕೂರಿಸಿದರು. ಅಪಠಿತ ಗದ್ಯ ಎಂಟೇ ಸಾಲಿನದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದ ಕಥೆ. ಯೋಜನೆಯ ಬೆನ್ನಿಗೆ ನಿಂತ ದಿವಾನರು ಶೇಷಾದ್ರಿ ಅಯ್ಯರ್ ಎಂದು ಮೂರನೆಯ ಸಾಲಿನಲ್ಲೇ ಅಚ್ಚಾಗಿದೆ. ಪ್ರಶ್ನೆ: ‘ಆ ದಿವಾನರು ಯಾರು? ಗದ್ಯದಿಂದ ಆಧಾರ ಕೊಟ್ಟು ಸಮರ್ಥಿಸಿ.’

ಒಬ್ಬ ಹುಡುಗನನ್ನು ಬಿಟ್ಟು ಇಡೀ ತರಗತಿ ಸರ್ ಎಂ. ವಿಶ್ವೇಶ್ವರಯ್ಯ ಎಂದು ಬರೆದಿತ್ತು. ಆಧಾರದ ಜಾಗದಲ್ಲಿ ‘ಎಲ್ಲರಿಗೂ ಗೊತ್ತು’ ಎಂಬುದೇ ಹೆಚ್ಚು. ‘ಅವರು ನಮ್ಮ ಮುದ್ದೇನಹಳ್ಳಿಯವರು’ ಎಂದೂ ಕೆಲವರು. ಒಬ್ಬಳಂತೂ ಪೇಟದ ಸಮೇತ ಅವರ ಚಿತ್ರವನ್ನೇ ಬಿಡಿಸಿದ್ದಳು. ಚಿತ್ರ ಚೆನ್ನಾಗಿತ್ತು, ಮನಸ್ಸು ತಡೆಯದೆ ಅರ್ಧ ಅಂಕ ಕೊಟ್ಟೆ.

ಮಕ್ಕಳನ್ನು ಅಂದು ಫಲವಿಲ್ಲ. ನಮ್ಮ ಕಡೆ ಬಿರುಕು ಬಿಡದ ಕಟ್ಟಡವೆಲ್ಲ ವಿಶ್ವೇಶ್ವರಯ್ಯನವರದು, ಬಿರುಕು ಬಿಟ್ಟದ್ದು ಗುತ್ತಿಗೆದಾರನದು.

ಮೂರನೆಯ ಸಾಲನ್ನು ಇಳಿಸಿಕೊಟ್ಟಿದ್ದ ಆ ಹುಡುಗನಿಗೆ ಪೂರ್ಣ ಅಂಕ ಹಾಕಿದೆ. ಪಕ್ಕದ ಹಿರಿಯ ಮೇಷ್ಟರು ಕೆಂಪು ಪೆನ್ನಿನಿಂದ ಅದನ್ನು ಹೊಡೆದು ಹಾಕಿದರು.

‘ಉತ್ತರಸೂಚಿಯಲ್ಲಿ ವಿಶ್ವೇಶ್ವರಯ್ಯ ಎಂದಿದೆ.’

‘ಗದ್ಯದಲ್ಲಿ ಹಾಗಿಲ್ಲವಲ್ಲ?’

‘ಗದ್ಯ ಮಕ್ಕಳಿಗೆ ಸ್ವಾಮಿ, ಸೂಚಿ ನಮಗೆ.’

1902ರಲ್ಲಿ ವಿಶ್ವೇಶ್ವರಯ್ಯನವರು ಮುಂಬೈ ಪ್ರಾಂತ್ಯದ ನೌಕರಿಯಲ್ಲಿದ್ದರು, ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದದ್ದು 1909ರಲ್ಲಿ, ದಿವಾನರಾದದ್ದು 1912ರಲ್ಲಿ ಎಂದು ವಿವರಿಸಿದೆ. ಖಡಕ್‌ವಾಸ್ಲಾ ಅಣೆಕಟ್ಟೆಗೆ ಸ್ವಯಂಚಾಲಿತ ಬಾಗಿಲು ಕೂರಿಸಿದ ಮನುಷ್ಯನಿಗೆ ಕಡ ತಂದ ಕೀರ್ತಿ ಯಾಕೆ ಎಂದೂ ಕೇಳಿದೆ. ಮೇಷ್ಟರು ಕನ್ನಡಕ ಇಳಿಸಿದರು.

‘ತಾವು ಯಾವ ಊರಿನವರು?’

‘ಇದೇ ಜಿಲ್ಲೆ.’

‘ಇದೇ ಜಿಲ್ಲೆಯವರಾಗಿ ಹೀಗೆ ಮಾತನಾಡುತ್ತೀರಾ?’

ಪಾಪ, ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು. ಗಣಿಗೆ ವಿದ್ಯುತ್ತು ಹೋದದ್ದನ್ನು ಕಾಣುವ ಯೋಗವೂ ಇರಲಿಲ್ಲ, ಚಿಕ್ಕಬಳ್ಳಾಪುರದಲ್ಲಿ ಎರಡು ಅಂಕದ ಯೋಗವೂ ಇಲ್ಲ.

ಪತ್ರಿಕೆ ಹಂಚಿದ ದಿನ ಹುಡುಗ ಸೊನ್ನೆ ಹಿಡಿದುಕೊಂಡು ಬಂದ. ‘ಸರ್, ನಾನು ಗದ್ಯ ನೋಡಿಯೇ ಬರೆದದ್ದು.’

ಮೇಷ್ಟರ ಮುಖ ಅರಳಿತು. ‘ನೋಡಿದಿರಾ, ಅವನೇ ಒಪ್ಪಿಕೊಂಡ. ನೋಡಿ ಬರೆಯುವುದಕ್ಕೆ ನಕಲು ಎನ್ನುತ್ತಾರೆ ಕಣಪ್ಪ. ನಿನ್ನ ಅಪ್ಪನನ್ನು ಕರೆದುಕೊಂಡು ಬಾ.’