ಪೆಟ್ಟಿಗೆಯನ್ನು ಹೊರಡುವವರೇ ಕಟ್ಟಲಿ

ಜರ್ಮನಿಯ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಂದು ಆರಂಭವಾಗುತ್ತದೆ. ಹಾಗಾಗಿ ಆಗಸ್ಟ್ ಮುಗಿಯುತ್ತಿದ್ದಂತೆ, ಮ್ಯೂನಿಕ್‌ನಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಕರೆಗಳು ಬರತೊಡಗುತ್ತವೆ: ಮಗಳು ಓದಲು ಬರುತ್ತಿದ್ದಾಳೆ, ಅವಳಿಗೆ ಏನೇನು ಕಟ್ಟಿಕೊಡೋಣ? ಹೀಗೆ ಕೇಳುವವರು ಬಹುಮಟ್ಟಿಗೆ ತಾಯಂದಿರು, ಕೆಲವೊಮ್ಮೆ ತಂದೆ, ಅಪರೂಪಕ್ಕೆ ಸೋದರಮಾವ. ಹೊರಟು ನಿಂತಿರುವ ಹುಡುಗಿ ಮಾತ್ರ ಕೇಳುವುದಿಲ್ಲ. ನನ್ನ ಆಕ್ಷೇಪವಿರುವುದು ಇಲ್ಲಿಯೇ.

1987ರಲ್ಲಿ ಆರಂಭವಾದ ಎರಾಸ್ಮಸ್ ಯೋಜನೆಯ ಮೂಲಕ ಇಲ್ಲಿನ ವಿದ್ಯಾರ್ಥಿಗಳು ಯುರೋಪಿನ ಬೇರೆ ಬೇರೆ ದೇಶಗಳಿಗೆ ಒಂದೆರಡು ಸೆಮಿಸ್ಟರ್ ಓದಲು ಹೋಗುತ್ತಾರೆ. ಲಿಸ್ಬನ್‌ಗೋ ಕ್ರಾಕೋವ್‌ಗೋ ಹೊರಟ ಜರ್ಮನ್ ಹುಡುಗಿ ತನ್ನ ಬೆನ್ನುಚೀಲವನ್ನು ತಾನೇ ತುಂಬಿಕೊಳ್ಳುತ್ತಾಳೆ, ಅದರೊಳಗೆ ಏನಿದೆಯೆಂದು ತಂದೆತಾಯಿ ವಿಚಾರಿಸುವುದೂ ಕಡಿಮೆ. ಅವಳ ಚೀಲ ಚಿಕ್ಕದು, ನಮ್ಮದು ದೊಡ್ಡದು ಎಂದು ಹೋಲಿಸಿ ನಮ್ಮವರನ್ನು ತೆಗಳುವುದು ನ್ಯಾಯವಲ್ಲ. ಅವಳು ಕ್ರಿಸ್‌ಮಸ್‌ಗೆ ಮನೆಗೆ ಬಂದು ಮರೆತದ್ದನ್ನು ಒಯ್ಯಬಹುದು; ಶಿವಮೊಗ್ಗದಿಂದ ಬಂದವಳಿಗೆ ಅಂಥ ಅನುಕೂಲವಿಲ್ಲ, ವಿಮಾನದ ಟಿಕೆಟ್ ದರ ನೋಡಿದರೆ ಎರಡು ವರ್ಷ ಊರಿನ ಮುಖ ಕಾಣದಿರುವುದೂ ಉಂಟು. ತಲಾ 23 ಕಿಲೋದ ಎರಡು ಸೂಟ್‌ಕೇಸ್‌ಗಳು ತುಂಬುವುದು ನನಗೆ ಸಹಜವಾಗಿಯೇ ಕಾಣುತ್ತದೆ. ಅವನ್ನು ತುಂಬುವವರು ಯಾರು ಎಂಬುದರಲ್ಲಿ ಮಾತ್ರ ಜರ್ಮನರ ರೀತಿಯೇ ಮೇಲೆಂದು ನಾನು ನಂಬಿದ್ದೇನೆ.

ವಿಮಾನ ನಿಲ್ದಾಣದಲ್ಲಿ, ಈ ಲಗೇಜನ್ನು ನೀವೇ ಕಟ್ಟಿದಿರಾ ಎಂದು ಕೇಳುವ ವಾಡಿಕೆಯಿದೆ. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಅದಕ್ಕೆ ಹೌದೆಂದು ಸತ್ಯವಾಗಿ ಹೇಳಬಲ್ಲರು? ಅಜ್ಜಿ ಪ್ರೀತಿಯಿಂದ ಬಟ್ಟೆಯ ನಡುವೆ ಇಟ್ಟ ತುಪ್ಪದ ಡಬ್ಬಿಗೆ ಐರೋಪ್ಯ ಒಕ್ಕೂಟದೊಳಗೆ ಪ್ರವೇಶವಿಲ್ಲ, ಏಕೆಂದರೆ ಭಾರತದಂಥ ಹೊರದೇಶಗಳಿಂದ ಬರುವವರು ಮಾಂಸ, ಹಾಲು ಮತ್ತು ಅವುಗಳ ಉತ್ಪನ್ನಗಳನ್ನು ತಮ್ಮೊಂದಿಗೆ ತರುವಂತಿಲ್ಲ. 2019ರ ಡಿಸೆಂಬರ್ 14ರಿಂದ ತಾಜಾ ಸಸ್ಯೋತ್ಪನ್ನಗಳಿಗೂ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕಾಗಿದೆ. ಅನಾನಸ್, ತೆಂಗಿನಕಾಯಿ, ದುರಿಯನ್, ಬಾಳೆಹಣ್ಣು, ಖರ್ಜೂರ ಈ ಐದಕ್ಕೆ ಮಾತ್ರ ವಿನಾಯಿತಿ. ಹಿತ್ತಲಿನ ಕರಿಬೇವು ಆ ಪಟ್ಟಿಯಲ್ಲಿಲ್ಲ. ತಿಪಟೂರಿನ ಕೊಬ್ಬರಿಯದು ಬೇರೆಯೇ ಕಥೆ: ಎಣ್ಣೆಯಂಶ ಹೆಚ್ಚಿರುವ ಒಣಕೊಬ್ಬರಿ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದಾದ್ದರಿಂದ ವಿಮಾನಯಾನದ ನಿಯಮಗಳಲ್ಲಿ ಅದನ್ನು ಅಪಾಯಕಾರಿ ಸರಕೆಂದು ಪರಿಗಣಿಸಲಾಗಿದೆ, ಭಾರತದಲ್ಲಿ 2022ರಲ್ಲಿ ಅದನ್ನು ಚೆಕ್-ಇನ್ ಲಗೇಜಿನಿಂದ ಹೊರಗಿಟ್ಟರು. ಇನ್ನು ಪಾಯಸಕ್ಕೆಂದು ಹಾಕಿದ ಗಸಗಸೆ ಸಂಯುಕ್ತ ಅರಬ್ ಸಂಸ್ಥಾನದಲ್ಲಿಯೂ ಸಿಂಗಾಪುರದಲ್ಲಿಯೂ ನಿಷೇಧಿತ ವಸ್ತು, ಮತ್ತು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ದುಬೈ ಅಥವಾ ಅಬುಧಾಬಿಯಲ್ಲಿ ವಿಮಾನ ಬದಲಿಸಿಯೇ ಇಲ್ಲಿಗೆ ಬರುತ್ತಾರೆ. ಕಟ್ಟಿದವರು ಯಾರೇ ಆಗಿರಲಿ, ಅಧಿಕಾರಿಯ ಮುಂದೆ ಸೂಟ್‌ಕೇಸ್ ತೆರೆದು ನಿಲ್ಲಬೇಕಾದವಳು ಹುಡುಗಿ.

ತಾನೇ ಕಟ್ಟಿಕೊಳ್ಳುವವಳು ವಿಚಾರಿಸಿ ಕಟ್ಟುತ್ತಾಳೆ. ಅಕ್ಕಿ, ತೊಗರಿಬೇಳೆ, ಹುಣಸೆಹಣ್ಣು ಇಲ್ಲಿನ ಎಲ್ಲ ದೊಡ್ಡ ಊರುಗಳ ಏಷ್ಯನ್ ಅಂಗಡಿಗಳಲ್ಲಿ ಸಿಗುತ್ತವೆ. ತುಪ್ಪದ ಜಾಗದಲ್ಲಿ ಬಳಸಬಹುದಾದ ಬುಟರ್‌ಶ್ಮಾಲ್ಟ್ಸ್ ಸಾಮಾನ್ಯ ಸೂಪರ್‌ಮಾರ್ಕೆಟ್ಟಿನಲ್ಲಿಯೇ ಇರುತ್ತದೆ, ಅದೂ ಬೆಣ್ಣೆ ಕಾಯಿಸಿ ತೆಗೆದದ್ದೇ. ಮೈನಸ್ ಹತ್ತು ಡಿಗ್ರಿಯ ಚಳಿಯನ್ನು ಕಂಡರಿಯದ ಬೆಂಗಳೂರಿನ ಅಂಗಡಿಯಿಂದ ದಪ್ಪ ಕೋಟು ಹೊತ್ತು ತರುವುದಕ್ಕಿಂತ ಇಲ್ಲಿ ಬಂದು, ಬೇಕಾದರೆ ಹಳೆಯದನ್ನೇ, ಕೊಳ್ಳುವುದು ಜಾಣತನ. ಕುಕ್ಕರ್ ತರುವುದಾದರೆ ಇಂಡಕ್ಷನ್ ಒಲೆಗೆ ಒಗ್ಗುವ ತಳದ ಸ್ಟೀಲಿನದಾಗಿರಲಿ, ಏಕೆಂದರೆ ಬರಿಯ ಅಲ್ಯೂಮಿನಿಯಂ ಪಾತ್ರೆ ಅಂಥ ಒಲೆಯ ಮೇಲೆ ಬಿಸಿಯೇ ಆಗುವುದಿಲ್ಲ. ಜೊತೆಗೆ ಎರಡು ಗ್ಯಾಸ್ಕೆಟ್ ಇರಲಿ. ವಿದ್ಯುತ್ತು ಇಲ್ಲಿಯೂ 230 ವೋಲ್ಟ್ ಆದ್ದರಿಂದ ನಮ್ಮ ಮಿಕ್ಸಿ ಓಡುತ್ತದೆ, ಆದರೆ ಅದರ ಮೂರು ಪಿನ್ನಿನ ಪ್ಲಗ್ ಇಲ್ಲಿನ ಸಾಕೆಟ್ಟಿಗೆ ಹೊಂದುವುದಿಲ್ಲ.

ಹಾಗೆಂದು ಮನೆಯವರ ಕೈ ಪೂರ್ತಿ ದೂರವಿರಲಿ ಎಂದಲ್ಲ. ಬ್ಯಾಡಗಿ ಮೆಣಸಿನಕಾಯಿ ಹುರಿದು ಮಾಡಿದ ಮನೆಯ ಸಾರಿನ ಪುಡಿ ಇಲ್ಲಿನ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಹುರಿಹಿಟ್ಟು ಇವೆಲ್ಲಕ್ಕೂ ಸೂಟ್‌ಕೇಸ್‌ನಲ್ಲಿ ಧಾರಾಳವಾಗಿ ಜಾಗ ಕೊಡಬೇಕೆಂದೇ ನನ್ನ ಅಭಿಪ್ರಾಯ. ಉತ್ತರ ಕರ್ನಾಟಕದ ಖಡಕ್ ಜೋಳದ ರೊಟ್ಟಿಯಂತೂ ಇಂಥ ಪ್ರಯಾಣಕ್ಕೆಂದೇ ಹುಟ್ಟಿದ ತಿನಿಸು: ತೂಕವಿಲ್ಲ, ಎಣ್ಣೆಯಿಲ್ಲ, ತಿಂಗಳುಗಟ್ಟಲೆ ಕೆಡುವುದಿಲ್ಲ, ಮುರಿದರೂ ರುಚಿ ಕೆಡದು, ತರಗತಿ ಮುಗಿಸಿ ನವೆಂಬರಿನ ಕತ್ತಲಲ್ಲಿ ಕೋಣೆಗೆ ಬಂದವಳಿಗೆ ಒಲೆ ಹಚ್ಚದೆಯೇ ಊಟವಾಗುತ್ತದೆ. ಅಮ್ಮ ಮಾಡಿಕೊಡಲಿ, ಮಗಳು ಡಬ್ಬಿಗೆ ತುಂಬಿ ಹೆಸರು ಬರೆದು ತಾನೇ ಇಟ್ಟುಕೊಳ್ಳಲಿ.

ಇದಕ್ಕಿಂತ ನನಗೆ ಹೆಚ್ಚು ಚಿಂತೆಯಾಗುವುದು ಕಾಗದಪತ್ರಗಳ ವಿಷಯದಲ್ಲಿ. ಇಲ್ಲಿನ ಯುವಕರಲ್ಲಿ ಬಹುತೇಕರು ತಮ್ಮ ವಿಮೆ, ಬಾಡಿಗೆ, ಬ್ಯಾಂಕಿನ ಕಾಗದಗಳನ್ನು ತಮ್ಮದೇ ಫೈಲಿನಲ್ಲಿ ಜೋಡಿಸಿಟ್ಟುಕೊಳ್ಳುತ್ತಾರೆ. ನಮ್ಮ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಪದವಿ ಪ್ರಮಾಣಪತ್ರದವರೆಗೆ ಎಲ್ಲವೂ ಅಪ್ಪನ ಬೀರುವಿನಲ್ಲಿರುತ್ತವೆ, ಹೊರಡುವ ಹಿಂದಿನ ದಿನ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಮಕ್ಕಳ ಕೈಗೆ ಬರುತ್ತವೆ. ಜರ್ಮನಿಯಲ್ಲಿ ಮನೆಗೆ ಸೇರಿದ ಎರಡು ವಾರದೊಳಗೆ ಮನೆಯ ಮಾಲೀಕರ ದೃಢೀಕರಣ ಪತ್ರದೊಂದಿಗೆ ವಿಳಾಸ ನೋಂದಾಯಿಸಬೇಕು, ಅದರ ಬೆನ್ನಿಗೇ ವಾಸದ ಪರವಾನಗಿಯ ಕೆಲಸ; ಪ್ರತಿ ಕಚೇರಿಯಲ್ಲಿಯೂ ಬೇರೆ ಬೇರೆ ಕಾಗದ ಕೇಳುತ್ತಾರೆ. ಯಾವ ಕಾಗದ ಏನು ಹೇಳುತ್ತದೆಂದು ತಿಳಿಯದವಳು ರಾತ್ರಿ ಊರಿಗೆ ಕರೆಮಾಡಿ ಅಪ್ಪನನ್ನು ಎಬ್ಬಿಸಬೇಕಾಗುತ್ತದೆ. ಮೂಲಪ್ರತಿಗಳೆಲ್ಲ ಕ್ಯಾಬಿನ್ ಬ್ಯಾಗಿನಲ್ಲಿರಬೇಕು, ಚೆಕ್-ಇನ್ ಆಗುವ ಸೂಟ್‌ಕೇಸ್‌ನಲ್ಲಿ ಎಂದಿಗೂ ಇರಬಾರದು.

ಹೆತ್ತವರು ನಿಜವಾಗಿ ನೆರವಾಗಬೇಕೆಂದಿದ್ದರೆ ಜುಲೈ, ಆಗಸ್ಟ್ ತಿಂಗಳುಗಳನ್ನು ಬಳಸಿಕೊಳ್ಳಲಿ. ಇಲ್ಲಿನ ಸಾರ್ವಜನಿಕ ಆರೋಗ್ಯ ವಿಮೆ ಸಾಮಾನ್ಯವಾಗಿ ವಯಸ್ಕರ ಕನ್ನಡಕದ ವೆಚ್ಚ ಭರಿಸುವುದಿಲ್ಲ, ಆದ್ದರಿಂದ ಎರಡನೆಯ ಕನ್ನಡಕವನ್ನು ಅಲ್ಲಿಯೇ ಮಾಡಿಸಿಕೊಡುವುದು ಒಳ್ಳೆಯದು. ನಿತ್ಯ ಸೇವಿಸುವ ಮಾತ್ರೆಗಳಿದ್ದರೆ ಔಷಧದ ಮೂಲ ಹೆಸರಿರುವ ವೈದ್ಯರ ಚೀಟಿಯೂ ಜೊತೆಗಿರಲಿ. ಹಲ್ಲಿನ ತೊಂದರೆಯಿದ್ದವರು ಈಗಲೇ ದಂತವೈದ್ಯರನ್ನು ಕಾಣಬೇಕು. ರೂಟ್ ಕೆನಾಲ್ ಹಲವೊಮ್ಮೆ ಎರಡು ಮೂರು ಭೇಟಿಗಳನ್ನು ಬೇಡುವುದರಿಂದ, ಹೊರಡುವ ವಾರದಲ್ಲಿ ಆರಂಭಿಸಿದರೆ ಮುಗಿಯುವುದಿಲ್ಲ.