ಚಿಕ್ಕಜಾಜೂರು ಜಂಕ್ಷನ್ ಮುಚ್ಚಿಲ್ಲ: ಒಂದು ಸ್ಪಷ್ಟನೆ

'ಬ್ರಾಡ್‌ಗೇಜ್ (ಅಗಲ ಹಳಿ) ಬಂದಾಗಲೇ ಚಿಕ್ಕಜಾಜೂರು ಸತ್ತುಹೋಯ್ತು, ತುಮಕೂರು–ದಾವಣಗೆರೆ ಹೊಸ ಮಾರ್ಗ ಮುಗಿದರೆ ಜಂಕ್ಷನ್ನೇ ಇರಲ್ಲ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಹೊಳಲ್ಕೆರೆ ತಾಲ್ಲೂಕಿನ ಈ ಊರಿಗೆ ಹೆಸರು ಬಂದದ್ದೇ ರೈಲಿನಿಂದ. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಚಿತ್ರದುರ್ಗದ ಕವಲು ಒಡೆಯುವುದು ಇಲ್ಲೇ. ಸ್ಟೀಮ್ ಎಂಜಿನ್ ಕಾಲದಲ್ಲಿ ಜಂಕ್ಷನ್ ಅಂದರೆ ಕೈತುಂಬ ಕೆಲಸ. ಎಂಜಿನ್‌ಗೆ ನೀರು ತುಂಬಿಸಬೇಕು, ಬೂದಿ ಕೆರೆದು ತೆಗೆಯಬೇಕು, ಬೋಗಿ ಬಿಡಿಸಿ ಜೋಡಿಸಬೇಕು. ಅಷ್ಟು ಹೊತ್ತು ಕಾಯುವ ಜನಕ್ಕೆ ಚಹಾ, ತಿಂಡಿ ಬೇಕು. ಸ್ಟೇಷನ್ ಸುತ್ತ ವ್ಯಾಪಾರ ಬೆಳೆಯುವುದು ಹೀಗೆ.

ಆ ಗದ್ದಲ ಕಡಿಮೆಯಾದದ್ದು ನಿಜ. ಆದರೆ ಅದಕ್ಕೆ ಬ್ರಾಡ್‌ಗೇಜ್ ಒಂದನ್ನೇ ದೂರುವುದು ಸರಿಯಲ್ಲ. ಡೀಸೆಲ್ ಎಂಜಿನ್‌ಗೆ ದಾರಿಯುದ್ದಕ್ಕೂ ನೀರು ಬೇಡ. ಹೆದ್ದಾರಿ ಬಸ್ಸುಗಳು ಚಿತ್ರದುರ್ಗದ ಜನರನ್ನು ನೇರ ಬೆಂಗಳೂರಿಗೆ ಒಯ್ಯುತ್ತವೆ. ರೈಲು ಬೀರೂರು, ಚಿಕ್ಕಜಾಜೂರು ಸುತ್ತಿ ಬರುವಾಗ ಯಾರು ತಾನೇ ಕಾಯ್ತಾರೆ, ಅಲ್ವಾ?

ಇನ್ನು ಹೊಸ ಮಾರ್ಗ. ಅದು ಶಿರಾ, ಹಿರಿಯೂರು, ಚಿತ್ರದುರ್ಗದ ಮೂಲಕ ದಾವಣಗೆರೆಗೆ ಹೋಗುತ್ತದೆ. ಮುಗಿದ ಮೇಲೆ ಚಿತ್ರದುರ್ಗದವರಿಗೆ ಈ ಸುತ್ತು ತಪ್ಪುತ್ತದೆ, ಚಿಕ್ಕಜಾಜೂರಿಗೆ ಬರುವವರು ಇನ್ನೂ ಕಡಿಮೆಯಾಗಬಹುದು. ಆ ಆತಂಕ ನನಗೂ ಇದೆ. ಆದರೆ ಹುಬ್ಬಳ್ಳಿ ಮುಖ್ಯಮಾರ್ಗ ಇಲ್ಲೇ ಹಾದುಹೋಗುತ್ತದೆ. ಚಿತ್ರದುರ್ಗ, ರಾಯದುರ್ಗ ದಾಟಿ ಬಳ್ಳಾರಿಗೆ ಹೋಗುವ ಹಳಿಯೂ ಇಲ್ಲಿಂದಲೇ ಕವಲೊಡೆಯುತ್ತದೆ. ಊರಿನವರು ಸುಮ್ನೆ ಗಾಬರಿಯಾಗಬೇಡಿ, ಆ ಸಂದೇಶವನ್ನು ಮುಂದೆ ಕಳಿಸಬೇಡಿ.